ತಾಯಿಚಿಟ್ಟೆ ನೋಡುತ್ತಿದ್ದವರು

ಹೋದ ತಿಂಗಳು ಮಾಲೂರು ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ಕೂತಿದ್ದೆ. ಹಳೆಯ ಪರಿಚಯದ ರೇಷ್ಮೆಗೂಡಿನ ವ್ಯಾಪಾರಿಯೊಬ್ಬ ಪಕ್ಕದಲ್ಲಿ ಮೂಟೆ ಇಳಿಸಿ, "ನಿಮ್ ಕೋಠಿ ಮುದುಕಪ್ಪ ಹೋದ್ನಂತಲ್ಲ ಸಾರ್, ಕೇಳಿದ್ರಾ?" ಎಂದ. ನಾನು ಕೇಳಿರಲಿಲ್ಲ. ಯಾವಾಗ ಎಂದೆ. "ಸಂಕ್ರಾಂತಿ ಮುಂಚೇನೇ ಅಂತೆ" ಎಂದವನೇ ರೈಲು ಬಂತೆಂದು ಎದ್ದು ಓಡಿದ. ಆ ರೈಲು ಬಿಟ್ಟು ಮುಂದಿನದರಲ್ಲಿ ಹೋದೆ.

ಅವರ ಹೆಸರು ಬರೆಯುವುದಿಲ್ಲ. ರೇಷ್ಮೆಹುಳದ ಮೊಟ್ಟೆ ತಯಾರಿಸಿ ಮಾರುವ ಆ ಬಿತ್ತನೆ ಕೋಠಿ ಯಾವ ಊರಲ್ಲಿತ್ತು ಎಂದೂ ಹೇಳುವುದಿಲ್ಲ. ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ನಡುವೆ ಎಲ್ಲೋ ಎಂದುಕೊಂಡರೆ ಸಾಕು. ಯುದ್ಧದ ಕಾಲ. ಪ್ಯಾರಾಚೂಟಿಗೆ ರೇಷ್ಮೆ ಬೇಕಾಗಿತ್ತು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗುತ್ತಿದ್ದವು, ಹುಳ ಸಾಕುವವರೆಲ್ಲ ಮೊಟ್ಟೆ ಎಲ್ಲಿ ಸಿಗುತ್ತದೆ ಎಂದು ಅಲೆಯುತ್ತಿದ್ದರು. ಖಾಸಗಿಯವರೂ ಕೋಠಿ ತೆರೆಯಬಹುದಿತ್ತು, ಆದರೆ ವಿಜ್ಞಾನ ಓದಿದವನೊಬ್ಬ ಅಲ್ಲಿರಬೇಕು ಎಂಬ ಷರತ್ತಿತ್ತು. ಹಾಗೆ ಬೇಕಾದವನು ನಾನು.

ನಾನು ಮಾಸ್ತಿ ಕಡೆಯ ಒಂದು ಹಳ್ಳಿಯವನು. ಅಪ್ಪ ಬೇರೆಯವರ ಹೊಲದಲ್ಲಿ ಗುದ್ದಲಿ ಹಿಡಿದವರು. ನಮ್ಮ ವಂಶದಲ್ಲಿ ಹೆಬ್ಬೆಟ್ಟಿನ ಬದಲು ಸಹಿ ಹಾಕಿದ ಮೊದಲ ಕೈ ನನ್ನದು. ಬೆಂಗಳೂರಿನ ಹಾಸ್ಟೆಲಿನಲ್ಲಿ ಎರಡು ಅಂಗಿಯಲ್ಲಿ ನಾಲ್ಕು ವರ್ಷ ಕಳೆದು ಬಿ.ಎಸ್ಸಿ. ಮುಗಿಸಿದೆ. ಪ್ರಾಣಿಶಾಸ್ತ್ರದಲ್ಲಿ ತರಗತಿಗೇ ಎರಡನೆಯವನು. ಇದನ್ನು ಸಂಕೋಚವಿಲ್ಲದೆ ಬರೆಯುತ್ತೇನೆ. ಆ ಓದು ನನಗೆ ಯಾರೂ ಕೊಟ್ಟದ್ದಲ್ಲ.

ಕೋಠಿಗೆ ಹೋದ ಮೊದಲ ದಿನ ಅವರನ್ನು ಕಂಡೆ. ಉತ್ತರದ ಕಿಟಕಿಯ ಬಳಿ ಒಂದು ಸ್ಟೂಲಿನ ಮೇಲೆ, ಸೂಕ್ಷ್ಮದರ್ಶಕಕ್ಕೆ ಬಾಗಿ ಕೂತಿದ್ದರು. ಅರವತ್ತರ ಹತ್ತಿರದ ವಯಸ್ಸು. ಹುಬ್ಬಿನ ಮೇಲೆಲ್ಲ ಬಿಳಿ ಪುಡಿ. ನರೆಯೆಂದುಕೊಂಡೆ. ಮುಖ ತೊಳೆದು ಬಂದಾಗ ಹುಬ್ಬು ಕಪ್ಪಗಿತ್ತು. ಅದು ಚಿಟ್ಟೆಯ ರೆಕ್ಕೆಯ ಹುಡಿ. ಗಾಜಿನೊಳಗೆ ನೋಡುತ್ತ ತೆಲುಗಿನಲ್ಲಿ ಯಾರನ್ನೋ ಗದರುತ್ತಿದ್ದರು: "ಎಕ್ಕಡ ದಾಕ್ಕುನ್ನಾವ್ ರಾ? ಬೈಟಿಕಿ ರಾ!" ಎಲ್ಲಿ ಬಚ್ಚಿಟ್ಟುಕೊಂಡಿದ್ದೀಯೋ, ಹೊರಗೆ ಬಾರೋ ಎಂದು ಅವರು ಕರೆಯುತ್ತಿದ್ದದ್ದು ರೇಷ್ಮೆಹುಳವನ್ನು ಕೊಲ್ಲುವ ಗಂಟುರೋಗದ ಕಣಗಳನ್ನು.

ಆ ಕೆಲಸವನ್ನು ಎರಡು ಮಾತಿನಲ್ಲಿ ಹೇಳಬೇಕು. ಗೂಡು ಕೊರೆದು ಚಿಟ್ಟೆ ಹೊರಬರುತ್ತದೆ, ಜೋಡಿಯಾಗುತ್ತದೆ, ಹೆಣ್ಣು ಕಾಗದದ ಮೇಲೆ ಮೊಟ್ಟೆ ಇಡುತ್ತದೆ. ಒಂದು ಹಾಳೆಯಲ್ಲಿ ಇಪ್ಪತ್ತು ಉಂಗುರ, ಇಪ್ಪತ್ತು ತಾಯಿಯರ ಮೊಟ್ಟೆ. ಆಮೇಲೆ ಆ ಇಪ್ಪತ್ತು ತಾಯಿಯರನ್ನು ಇಪ್ಪತ್ತು ಮನೆಗಳಿರುವ ಒಂದು ತಟ್ಟೆಯಲ್ಲಿ ಅದೇ ಕ್ರಮದಲ್ಲಿ ಇಡುತ್ತಾರೆ. ಒಂದೊಂದನ್ನೇ ಕುಟ್ಟಾಣಿಯಲ್ಲಿ ಅರೆದು, ರಸದ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾರೆ. ತಾಯಿಗೆ ಗಂಟುರೋಗ ಇದ್ದರೆ ಅದರ ಮೊಟ್ಟೆಗೂ ಇರುತ್ತದೆ. ಆ ಉಂಗುರವನ್ನು ಕತ್ತರಿಸಿ ಸುಡಬೇಕು. ಬಿಟ್ಟುಹೋದರೆ ಒಂದು ಉಂಗುರದ ಹುಳದಿಂದ ಇಡೀ ಮನೆಯ ಹುಳಕ್ಕೆ ರೋಗ ಹರಡುತ್ತದೆ. ಹಾಗೆ ನೋಡಿ ಹೇಳುವ ಕಣ್ಣು ನಮ್ಮ ಕೋಠಿಯಲ್ಲಿ ಅವರದು. ಇಪ್ಪತ್ತೆರಡು ವರ್ಷ ಅವರು ಬೇರೆ ಬೇರೆ ಕೋಠಿಗಳಲ್ಲಿ ಮಾಡಿದ್ದು ಇದೊಂದೇ ಕೆಲಸ.

ಅವರು ಗೌನಿಪಲ್ಲಿ ಹತ್ತಿರದವರು. ತೆಲುಗು ಓದುತ್ತಿದ್ದರು, ಕನ್ನಡ ಕೂಡಿಸಿಕೊಂಡು ಓದುತ್ತಿದ್ದರು, ಇಂಗ್ಲಿಷ್ ಇಲ್ಲ. ನನ್ನನ್ನು ಮೊದಲ ದಿನದಿಂದಲೂ 'ಸ್ವಾಮಿ' ಎಂದರು. ನಾನು ಬೇಡವೆನ್ನಲಿಲ್ಲ.

ನಾನು ಪುಸ್ತಕದಲ್ಲಿ ಓದಿದ್ದೆ: ಕೀಟಕ್ಕೆ ಆರು ಕಾಲು, ಮೂರು ಭಾಗದ ದೇಹ, ಎರಡು ಮೀಸೆ, ಜೇಡಕ್ಕೆ ಎಂಟು ಕಾಲು, ಆದ್ದರಿಂದ ಅದು ಕೀಟವಲ್ಲ. ಇದನ್ನು ಒಂದು ದಿನ ಅವರಿಗೆ ವಿವರಿಸಿದೆ. ಎಲ್ಲವನ್ನೂ ಕೇಳಿ, "ಸರಿ ಸ್ವಾಮಿ, ಕಾಲು ಎಣಿಸೋವರ್ಗೂ ಅದು ನಿಲ್ಬೇಕಲ್ಲ" ಎಂದರು.

ಅವರದೇ ಬೇರೆ ಲೆಕ್ಕ. ಹುಳದ ಮನೆಗೆ ಬರುವ ಶತ್ರುಗಳನ್ನು ನಡೆಯುವ ರೀತಿಯಿಂದಲೇ ಹೇಳುತ್ತಿದ್ದರು. ಗೊದ್ದ ಒಂಟಿಯಾಗಿ ಬರುತ್ತದೆ, ಯಾರಿಗೂ ಹೇಳುವುದಿಲ್ಲ, ಅದನ್ನು ಬಿಟ್ಟುಬಿಡಿ. ಕೆಂಪಿರುವೆ ಒಂದು ಬಂದು ನೋಡಿ ಹಿಂದಿರುಗಿದರೆ ಅದು ದಾರಿ ತೋರಿಸಲು ಹೋಗಿದೆ, ಹುಳದ ತಟ್ಟೆ ಇಟ್ಟ ಅಟ್ಟಣೆಯ ಕಾಲಿಗೆ ತಕ್ಷಣ ನೀರು ಕಟ್ಟಿ. ಹಲ್ಲಿ ಲೊಚಗುಟ್ಟಿದರೆ ಭಯವಿಲ್ಲ. ಸದ್ದು ನಿಂತರೆ ಅದು ತಿನ್ನುತ್ತಿದೆ. ಹೆಣ್ಣುಗೂಡು ಯಾವುದು, ಗಂಡುಗೂಡು ಯಾವುದು ಎಂದು ಎರಡು ಬೆರಳಲ್ಲಿ ಉರುಳಿಸಿ ಹೇಳುತ್ತಿದ್ದರು. ಒಂದು ಸಲ ಪಂದ್ಯ ಕಟ್ಟಿ ಐವತ್ತು ಗೂಡು ಬೇರೆ ಮಾಡಿಸಿದೆ. ಚಿಟ್ಟೆ ಬಂದಾಗ ನೋಡಿದರೆ ಎರಡು ಮಾತ್ರ ತಪ್ಪಿದ್ದವು. ಅವರಿಗೆ ಆ ಎರಡರದೇ ಚಿಂತೆ. ಮಧ್ಯಾಹ್ನವೆಲ್ಲ ಖಾಲಿ ಗೂಡುಗಳನ್ನು ಉರುಳಿಸುತ್ತ ಕೂತಿದ್ದರು.

"ಈ ಚಿಟ್ಟೆಗೆ ಬಾಯಿಲ್ಲ ನೋಡಿ ಸ್ವಾಮಿ" ಎಂದು ಆಗಾಗ ಹೇಳುತ್ತಿದ್ದರು. "ಹುಳವಾಗಿದ್ದಾಗ ರಾತ್ರಿ ಹಗಲು ಮೇಯ್ತದೆ. ಚಿಟ್ಟೆಯಾದ ಮೇಲೆ ಒಂದು ಹನಿ ನೀರೂ ಇಲ್ಲ. ಇಂಥದನ್ನ ನಾನು ದಿನಾ ಇನ್ನೂರು ಅರೀತೀನಿ. ಬಾಯಿದ್ದಿದ್ರೆ ಏನಂತಿದ್ವೋ!"

ಕೆಲಸದಲ್ಲಿ ಅವರಿಗೆ ಕೆಲವು ಕಟ್ಟುಗಳಿದ್ದವು. ಎಲೆ ಅಡಿಕೆ ಇಲ್ಲ, ಬೀಡಿ ಇಲ್ಲ. ಬೆಳಿಗ್ಗೆ ಎಂಟರಿಂದ ಎರಡರವರೆಗೆ ಮಾತ್ರ, ಬೆಳಕು ತಿರುಗಿದ ಮೇಲೆ ಒಂದು ಚಿಟ್ಟೆಯನ್ನೂ ನೋಡುತ್ತಿರಲಿಲ್ಲ. ಇಪ್ಪತ್ತು ಮುಗಿದ ಕೂಡಲೇ ತಲೆಯೆತ್ತಿ ದೂರದ ಹುಣಸೆಮರವನ್ನು ನೋಡುತ್ತ ಕೂರುತ್ತಿದ್ದರು, ಬೈದರೂ ಕೂಡಲೇ ಮತ್ತೆ ಗಾಜಿಗೆ ಬಾಗುತ್ತಿರಲಿಲ್ಲ. ಕಾಲೇಜಿನಲ್ಲಿ ನಾವು ಒಂದು ಕಣ್ಣು ಮುಚ್ಚಿ ಸೂಕ್ಷ್ಮದರ್ಶಕ ನೋಡುತ್ತಿದ್ದೆವು. ಅವರು ಎರಡೂ ತೆರೆದೇ ನೋಡುತ್ತಿದ್ದರು. "ಒಂದು ಮುಚ್ಚಿದ್ರೆ ಅದಕ್ಕೂ ನೋವು, ಇದಕ್ಕೂ ನೋವು. ಎರಡೂ ತೆರೀರಿ ಸ್ವಾಮಿ. ಕೆಲಸ ಇರೋದು ನೋಡ್ಕೊಳ್ತದೆ, ಇನ್ನೊಂದು ಸುಮ್ನಿರ್ತದೆ." ನನಗೆ ಅದು ಬರಲು ಒಂದು ವರ್ಷ ಬೇಕಾಯಿತು. ಕೊಬ್ಬಿನ ಹನಿಗೂ ರೋಗದ ಕಣಕ್ಕೂ ವ್ಯತ್ಯಾಸ ನನಗೆ ಪುಸ್ತಕದಿಂದ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ಅವರು ಹೇಳಿಕೊಟ್ಟರು: "ಕೊಬ್ಬು ದುಂಡಗೆ, ಒಂದು ದೊಡ್ಡದು ಒಂದು ಚಿಕ್ಕದು. ಗಂಟು ಕೋಲುಮುಖ, ಎಲ್ಲಾ ಒಂದೇ ಅಳತೆ. ನಿಂತಲ್ಲೇ ನಡುಗ್ತಿರ್ತದೆ, ಚಳಿಜ್ವರ ಬಂದೋರ ಹಂಗೆ."

ಹಳ್ಳಿಗಳಲ್ಲಿ ಅವರ ಕಣ್ಣಿಗೊಂದು ಹೆಸರಿತ್ತು. ಮೊಟ್ಟೆ ಹಾಳೆ ಕೊಳ್ಳಲು ಬಂದವರು ನನ್ನ ಡಿಗ್ರಿಯ ಬೋರ್ಡನ್ನು ಓದುತ್ತಿರಲಿಲ್ಲ. "ತಾತ ನೋಡಿದ್ದೇ ತಾನೆ?" ಎಂದು ಕೇಳಿ ಸುತ್ತಿಕೊಂಡು ಹೋಗುತ್ತಿದ್ದರು. ಅವರಿಗೆ ಇದ್ದ ಆಸ್ತಿ ಅದೊಂದೇ. ನನಗೆ ಇದು ಚುಚ್ಚುತ್ತಿತ್ತು, ಹೇಳಿಕೊಳ್ಳುತ್ತಿರಲಿಲ್ಲ.

ಎರಡನೆಯ ವರ್ಷದ ಆಷಾಢದಲ್ಲಿ ನಡೆದದ್ದು ಇದು. ತಟ್ಟೆ ಇಡುವ ಕೆಲಸ ಒಬ್ಬ ಹೆಂಗಸಿನದು. ಮಗುವಿಗೆ ಮೈಮೇಲೆ ಅಮ್ಮ ಎದ್ದಿದೆಯೆಂದು ಅವಳು ಒಂದು ದಿನ ಬರಲಿಲ್ಲ. ನಾನಿಡುತ್ತೇನೆ ಎಂದೆ. ತಟ್ಟೆಯ ಒಂದು ಮೂಲೆಗೆ ಕೆಂಪು ದಾರ ಕಟ್ಟಿರುತ್ತಿತ್ತು. ಅಲ್ಲಿಂದ ಒಂದನೇ ನಂಬರು, ದಾರ ಯಾವಾಗಲೂ ನೋಡುವವರ ಎಡಗೈ ಕಡೆ ಇರಬೇಕು, ಅವರ ಎಣಿಕೆ ಎಡಗೈಯಿಂದಲೇ. ಆ ದಿನ ಕಡೆಯ ಮೂರು ತಟ್ಟೆಗಳನ್ನು ನಾನು ಅವಸರದಲ್ಲಿ ಮೇಜಿನ ಆಚೆ ಬದಿಯಿಂದ ತಂದು ಇಟ್ಟೆ. ಅವು ಹಿಂದುಮುಂದಾಗಿ ಕೂತವು. ಒಂದನೇ ತಾಯಿ ಇಪ್ಪತ್ತನೆಯದಾಯಿತು, ಇಪ್ಪತ್ತನೆಯದು ಒಂದಾಯಿತು. ಅವರು ನೋಡಿ ಹೇಳಿದ ನಂಬರುಗಳ ಉಂಗುರಗಳನ್ನು ನಾನೇ ಕತ್ತರಿಸಿ ಸುಟ್ಟೆ. ಆರೋಗ್ಯದ ಮೊಟ್ಟೆ ಬೆಂಕಿಗೆ ಹೋಯಿತು, ರೋಗದ್ದು ಹಾಳೆಯಲ್ಲಿ ಉಳಿಯಿತು. ಆ ಮೂರು ಹಾಳೆ ಮೂರು ಮನೆಗೆ ಹೋದವು. ನನಗೆ ಗೊತ್ತೇ ಆಗಲಿಲ್ಲ.

ಮೂರು ನಾಲ್ಕು ವಾರ ಕಳೆದ ಮೇಲೆ ಹತ್ತಿರದ ಹಳ್ಳಿಯ ಹೆಂಗಸೊಬ್ಬಳು ಸೊಪ್ಪಿನಲ್ಲಿ ಹುಳ ಸುತ್ತಿಕೊಂಡು ಕೋಠಿಗೆ ಬಂದಳು. ಗಂಡ ಸತ್ತ ಮೇಲೆ ಒಬ್ಬಳೇ ಹುಳ ಸಾಕಿ ಮನೆ ನಡೆಸುತ್ತಿದ್ದವಳು. ಬಾಗಿಲಲ್ಲೇ ನಿಂತು ಕೂಗಿದಳು:

"ಏನ್ ತಾತಾ, ಕಣ್ಣು ಹೋಯ್ತಾ? ಹೋದ್ರೆ ಮನೇಲಿ ಮಲಗೋದಲ್ವಾ? ನನ್ನ ಮನೆ ಯಾಕೆ ತೆಗೆದೆ?"

ಅವರು ಎದ್ದು ಹೋಗಿ ಸೊಪ್ಪು ಬಿಡಿಸಿದರು. ಮೂರನೇ ಜ್ವರ, ಎಂದರೆ ಮೂರನೇ ಸಲ ಪೊರೆ ಬಿಡುವುದು, ಮುಗಿದ ಹುಳ. ಎಲ್ಲ ಒಂದೇ ಅಳತೆ ಇರಬೇಕಿತ್ತು. ಕೆಲವು ಅರ್ಧ ಬೆರಳುದ್ದ, ಕೆಲವು ಅಕ್ಕಿಕಾಳಿನಷ್ಟು. ಮೈಮೇಲೆ ಮೆಣಸಿನ ಪುಡಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಸೂಕ್ಷ್ಮದರ್ಶಕ ಬೇಕಿರಲಿಲ್ಲ.

"ಇದು ಗಂಟುರೋಗ, ತಾಯಿ" ಎಂದರು.

"ನೀನು ನೋಡಿದ್ದೇ ತಾನೆ? ತಾತ ನೋಡಿದ್ದು ಅಂತ ತಾನೆ ತಗೊಂಡು ಹೋಗಿದ್ದು?"

"ನಾನೇ ನೋಡಿದ್ದು."

ಆ ದಿನ ಮಧ್ಯಾಹ್ನವೇ ಅವರು ನನ್ನನ್ನು ಕರೆದುಕೊಂಡು ಅವಳ ಹಿಂದೆ ಹೊರಟರು. ನಾಲ್ಕು ಮೈಲಿ ನಡಿಗೆ. ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ದೃಷ್ಟಿ, ಮೈಲಿಗೆ, ವಾಸನೆ ಎಲ್ಲದಕ್ಕೂ ಹುಳ ಬಾಡುತ್ತದೆ ಎಂಬ ನಂಬಿಕೆ. ಅವಳು ಅಡ್ಡ ನಿಂತಳು. ಆಮೇಲೆ ತಾನೇ ನಕ್ಕು, "ಇನ್ನೇನು ಕೆಡೋದಿದೆ, ಬಾ" ಎಂದಳು. ಆ ನಗುವನ್ನು ಕೇಳಲಾಗುತ್ತಿರಲಿಲ್ಲ. ಅವರು ಕಾಲು ತೊಳೆದು, ಕೈಗೆ ಬೂದಿ ಹಚ್ಚಿಕೊಂಡು, ರೋಗವಿಲ್ಲದ ಮನೆಗೆ ಹೋಗುವಷ್ಟೇ ಮಡಿಯಿಂದ ಒಳಗೆ ಹೋದರು. ತಟ್ಟೆ ತಟ್ಟೆ ನೋಡಿದರು.

"ಒಂದೂ ಗೂಡು ಕಟ್ಟಲ್ಲ ತಾಯಿ. ಹೂಳ್ಬೇಕು. ಮನೆಯೆಲ್ಲ ಸುಣ್ಣ ಬಳೀಬೇಕು. ಇಲ್ದಿದ್ರೆ ಮುಂದಿನ ಬೆಳೇನೂ ತಿಂತದೆ."

ಅವಳು ಮೊರದಲ್ಲಿ ಹುಳ ತುಂಬಿ ತುಂಬಿ ಕೊಟ್ಟಳು, ಅವರು ಹಿತ್ತಲಲ್ಲಿ ಗುಂಡಿ ತೆಗೆದು ಸುರಿದರು. ನಾನು ಸುಣ್ಣ ಹಾಕಿದೆ. ಇನ್ನೂ ಸೊಪ್ಪು ತಿನ್ನುತ್ತಿದ್ದ ಹುಳಗಳು ಗುಂಡಿಯೊಳಗೂ ತಿನ್ನುತ್ತಿದ್ದವು. ಮಾರನೆಯ ದಿನ ಇನ್ನೆರಡು ಮನೆ. ಅಲ್ಲೂ ಇದೇ.

ಎರಡನೆಯ ದಿನ ಹಿಂದಿರುಗುವಾಗ ಒಂದು ಕೆರೆಕಟ್ಟೆಯ ಮೇಲೆ ಕೂತರು. ಕಾಲು ಒತ್ತಿಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದರು:

"ಮೂರೂ ಒಂದೇ ದಿನದ ಹಾಳೆ ಸ್ವಾಮಿ. ಆ ದಿನ ತಟ್ಟೆ ಇಟ್ಟಿದ್ದು ನೀವು. ಕಡೇ ಮೂರಕ್ಕೆ ದಾರ ನನ್ನ ಬಲಗೈ ಕಡೆ ಬಂತು."

ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಮೇಜಿನ ಆಚೆ ಬದಿಯಿಂದ ತಟ್ಟೆ ತಂದದ್ದು ನೆನಪಾಯಿತು.

"ಗೊತ್ತಾಗಿಯೂ ಯಾಕೆ ಹೇಳಲಿಲ್ಲ?" ಎಂದೆ. ಗದರಿದಂತೆಯೇ ಕೇಳಿದೆ.

"ಕಾಲೇಜಲ್ಲಿ ಹಂಗೂ ಒಂದು ಕ್ರಮ ಇರ್ತದೇನೋ, ಹಾಳೇನೂ ಹಂಗೇ ತಿರುಗಿಸ್ಕೊಂಡಿರ್ತೀರಿ ಅಂದ್ಕೊಂಡೆ. ಓದಿದೋರನ್ನ ಕೇಳೋದು ಹೆಂಗೆ ಅಂತ..." ಕಾಲು ಒತ್ತುವುದನ್ನು ನಿಲ್ಲಿಸಿ, "ಕೇಳ್ಬೇಕಿತ್ತು. ಅದು ನನ್ನ ತಪ್ಪು. ಕಣ್ಣಿನ ತಪ್ಪಲ್ಲ" ಎಂದರು.

ಆಮೇಲೆ ಒಂದೇ ಒಂದು ಬೇಡಿಕೆ ಇಟ್ಟರು. "ಯಜಮಾನರಿಗೆ ತಟ್ಟೆ ತಿರುಗಿತು ಅಂತ ಹೇಳಿ ಸ್ವಾಮಿ. ಯಾರು ತಿರುಗಿಸಿದ್ರು ಅಂತ ಬೇಡ. ಕಣ್ಣು ಸರಿಯಾಗಿತ್ತು ಅಂತ ಮಾತ್ರ ಹೇಳಿ."

ಕೋಠಿಯ ಯಜಮಾನರು ಆ ವಾರ ಕೋಲಾರದಿಂದ ಬಂದರು. ಅಷ್ಟರಲ್ಲಿ ಮೂರು ಮನೆಯ ಸುದ್ದಿ ಅವರಿಗೆ ಮುಟ್ಟಿತ್ತು. ನಾನು ಹೇಳಿದೆ. ತಟ್ಟೆ ತಿರುಗಿತು ಎಂದೂ ಹೇಳಿದೆ, ತಿರುಗಿಸಿದವನು ನಾನು ಎಂದೂ ಹೇಳಿದೆ. ಅಷ್ಟು ಮಾತ್ರ ನನ್ನ ಪಾಲಿಗೆ ಬರೆದುಕೊಳ್ಳಬಹುದು. ಯಜಮಾನರು ನನ್ನನ್ನು ನೋಡಿ ನಕ್ಕರು.

"ಪರವಾನಗಿ ಕೊಟ್ಟಿರೋದು ನಿಮ್ಮ ಡಿಗ್ರಿ ನೋಡಿ ಕಣ್ರೀ. ಬಿ.ಎಸ್ಸಿ.ಯೋರು ತಟ್ಟೆ ತಿರುಗಿಸಿದ್ರು ಅಂತ ನಾನು ಹೇಳ್ಕೊಂಡು ಓಡಾಡ್ಲಾ? ಮುದುಕನಿಗೆ ಕಣ್ಣು ಮಂಜಾಯ್ತು ಅಂದ್ರೆ ಎಲ್ರೂ ಒಪ್ತಾರೆ. ಆಗೋ ವಯಸ್ಸೇ. ಬಿಡಿ, ಮನೆ ಸೇರ್ಕೊಳ್ಲಿ. ಇನ್ಮೇಲೆ ನೀವೇ ನೋಡಿ."

ಅವರು ಹೊರಗೆ ತೊಟ್ಟಿಯ ಬಳಿ ಕುಟ್ಟಾಣಿ ತೊಳೆಯುತ್ತಿದ್ದರು. ಕೇಳಿಸಿರಬೇಕು, ನೀರಿನ ಸದ್ದು ನಿಂತಿತ್ತು. ನಾನು ಇನ್ನೊಂದು ಸಲ ಹೇಳಬಹುದಿತ್ತು. ಗಟ್ಟಿಯಾಗಿ ಹೇಳಬಹುದಿತ್ತು, ಹಾಗಾದರೆ ನಾನೂ ಇರುವುದಿಲ್ಲ ಎನ್ನಬಹುದಿತ್ತು. ಊರಲ್ಲಿ ಅಪ್ಪ ಆ ವರ್ಷ ಮೊದಲ ಸಲ ಹೊಲಕ್ಕೆ ಹೋಗದೆ ಜಗಲಿಯಲ್ಲಿ ಕೂತಿದ್ದರು, ನನ್ನ ಮಗ ಆಫೀಸರ್ ಎಂದು ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದರು. ನಾನು ಎರಡನೇ ಸಲ ಹೇಳಲಿಲ್ಲ.

ಅವರು ಬಿಟ್ಟುಹೋಗುವ ದಿನ ಎಂಟಕ್ಕೆ ಸರಿಯಾಗಿ ಸ್ಟೂಲಿನ ಮೇಲೆ ಕೂತರು. "ಇವತ್ತಿನ ಇನ್ನೂರು ನಾನು ನೋಡ್ತೀನಿ. ನನ್ನ ಹಿಂದೆ ಪ್ರತಿಯೊಂದನ್ನೂ ನೀವು ನೋಡ್ಬೇಕು ಸ್ವಾಮಿ" ಎಂದರು. ತಟ್ಟೆ ಇಡುವ ಹೆಂಗಸು ಬಂದಿದ್ದಳು, ಅವಳ ಕೈಯಿಂದಲೇ ಇಡಿಸಿದರು. ಒಂದೊಂದು ಗಾಜನ್ನೂ ಅವರು ನೋಡಿ ಪಕ್ಕಕ್ಕಿಡುವುದು, ನಾನು ನನ್ನ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಇಪ್ಪತ್ತು ಮುಗಿದಾಗಲೆಲ್ಲ ಅವರು ಮರ ನೋಡುತ್ತಿದ್ದರು, ನಾನು ಅವರನ್ನು ನೋಡುತ್ತಿದ್ದೆ. ಇನ್ನೂರರಲ್ಲಿ ಹನ್ನೊಂದು ರೋಗದವು ಎಂದು ಅವರು ಹೇಳಿದರು. ನನಗೆ ಸಿಕ್ಕಿದ್ದು ಹತ್ತು. ಹನ್ನೊಂದನೆಯದನ್ನು ಮತ್ತೆ ಮತ್ತೆ ಹುಡುಕಿದೆ. ಅವರೇ ಬಂದು ಗಾಜನ್ನು ಕೂದಲೆಳೆಯಷ್ಟು ಸರಿಸಿದರು. ಮೂಲೆಯಲ್ಲಿ ಎರಡೇ ಎರಡು ಕಣ ನಡುಗುತ್ತಿದ್ದವು.

"ಸರಿಯಾಗಿದೆಯಾ?"

"ಸರಿಯಾಗಿದೆ."

"ಹಂಗಾದ್ರೆ ಬರ್ದು ಕೊಡಿ. ಕನ್ನಡದಲ್ಲಿ ಬರೀರಿ. ಕೆಳಗೆ ನಿಮ್ಮ ಡಿಗ್ರೀನೂ ಹಾಕಿ."

ಬರೆದುಕೊಟ್ಟೆ. ಈ ದಿನ ಇವರು ನೋಡಿದ ಇನ್ನೂರು ತಾಯಿಚಿಟ್ಟೆಗಳನ್ನು ನಾನು ಮರುಪರೀಕ್ಷೆ ಮಾಡಿದ್ದೇನೆ, ಇವರ ಕಣ್ಣಿನಲ್ಲಿ ಯಾವ ದೋಷವೂ ಇಲ್ಲ ಎಂದು. ಅವರು ಅಕ್ಷರ ಕೂಡಿಸಿಕೊಂಡು ಓದಿ, ಮಡಿಸಿ, ಒಳಜೇಬಿನಲ್ಲಿಟ್ಟುಕೊಂಡರು. ಕೈ ಮುಗಿದರು. ನಾನೂ ಮುಗಿದೆ. ಬಸ್ಸಿನವರೆಗೆ ಬರುತ್ತೇನೆ ಎಂದೆ. "ಬೇಡಿ ಸ್ವಾಮಿ, ನಂಗೆ ದಾರೀಲಿ ಸ್ವಲ್ಪ ಕೆಲಸ ಇದೆ" ಎಂದರು.

ಆ ಕೆಲಸ ಏನೆಂದು ತಿಳಿದದ್ದು ಎರಡು ವಾರದ ಮೇಲೆ. ಹುಳ ಕಳೆದುಕೊಂಡವರಿಗೆ ಬೇರೆ ಮೊಟ್ಟೆ ಕೊಟ್ಟು ಬನ್ನಿ ಎಂದು ಯಜಮಾನರು ಹೇಳಿದ್ದರಿಂದ, ಅಂದು ಬಾಗಿಲಲ್ಲಿ ಕೂಗಿದ ಹೆಂಗಸಿನ ಮನೆಗೆ ಹೋಗಿದ್ದೆ. ಗೋಡೆಗೆಲ್ಲ ಹೊಸ ಸುಣ್ಣ ಬಳಿದಿದ್ದಳು. ನನ್ನನ್ನು ಹೊರಗೇ ನಿಲ್ಲಿಸಿ ಹೇಳಿದಳು:

"ನಿಮ್ ತಾತ ಬಂದಿದ್ದ. ಇಲ್ಲೇ ಕೂತು ಒಂದು ಕಾಗ್ದ ಓದ್ದ. ಆ ಎರಡು ಮನೇಗೂ ಹೋಗಿ ಓದಿದ್ನಂತೆ. ಕಣ್ಣು ಸರಿಯಾಗೈತೆ ಅಂತ ಬರ್ದಿತ್ತು. ಹಂಗಾದ್ರೆ ತಪ್ಪು ಯಾರ್ದು ತಾತಾ ಅಂದೆ. ಅದು ಈ ಕಾಗ್ದದಾಗೆ ಬರ್ದಿಲ್ಲಮ್ಮ ಅಂದ. ಮಡಿಸಿ ಇಟ್ಕೊಂಡು ಹೊರಟೇಹೋದ."

ನಾನು ಹೇಳಿದೆ. ದಾರ, ತಟ್ಟೆ, ಅವಸರ, ಎಲ್ಲವನ್ನೂ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ನನ್ನ ಕೈಲಿದ್ದ ಹಾಳೆಗಳನ್ನು ನೋಡಿದಳು.

"ಇವನ್ನ ಯಾರು ನೋಡಿದ್ದು?"

"ನಾನೇ ನೋಡಿದ್ದು."

"ಆ ತಾತನ ಹತ್ರ ತಗೊಂಡು ಹೋಗು. ಅವನು ನೋಡಿ ಸರಿ ಅಂದ್ರೆ ಇಟ್ಕೊಂತೀನಿ."

ತಾಯಿಚಿಟ್ಟೆಗಳನ್ನೆಲ್ಲ ಅರೆದಾಗಿತ್ತು. ಇನ್ನು ಯಾರು ನೋಡಲೂ ಏನೂ ಉಳಿದಿರಲಿಲ್ಲ. ಅದನ್ನು ಅವಳಿಗೆ ಹೇಳಲಿಲ್ಲ. ಹಾಳೆಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿಕೊಂಡು, ಆಗಲಿ ಎಂದು ಗೌನಿಪಲ್ಲಿ ಕಡೆಗೆ ಹೊರಟೆ.